ಗಣಿತ ಶಿಬಿರ ನಮ್ಮ ಜಿಲ್ಲೆಗೂ ಬರಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 22 ಹತ್ತಿರ ಬಂತು. ರಾಮಾನುಜನ್ ಹುಟ್ಟಿದ ದಿನ. 2012ರಿಂದ ಅದನ್ನು ರಾಷ್ಟ್ರೀಯ ಗಣಿತ ದಿನ ಅಂತ ಆಚರಿಸುತ್ತಿದ್ದೇವೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಬ್ಯಾನರ್ ಬರೆಸುವುದು, ಅತಿಥಿಗಳನ್ನು ಹುಡುಕುವುದು ಶುರುವಾಗಿದೆ. ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಗಣಿತ ಕಲಿಸುವವನು. ಈ ಒಂದು ದಿನದ ಕಾರ್ಯಕ್ರಮಗಳಿಗೆ ಹಾಕುವ ದುಡ್ಡು, ಓಡಾಟ ಎಲ್ಲವನ್ನೂ ಕೂಡಿಸಿ ಜಿಲ್ಲೆಯಲ್ಲೇ ಹತ್ತು ದಿನದ ಗಣಿತ ಶಿಬಿರ ಮಾಡೋಣ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಪಕ್ಕದ ಜಿಲ್ಲೆಯ ಒಂದು ಕಾಲೇಜಿನಲ್ಲಿ ಗಣಿತದ ರಾಷ್ಟ್ರೀಯ ಸಮ್ಮೇಳನ ಇತ್ತು. ಬಿ.ಎಸ್ಸಿ. ಕೊನೆಯ ವರ್ಷದ ಆರು ಮಕ್ಕಳನ್ನು ಕರೆದುಕೊಂಡು ಹೋದೆ. ಒಂಬತ್ತೂವರೆಗೆ ಅಂದಿದ್ದ ಉದ್ಘಾಟನೆ ಮುಗಿಯುವಷ್ಟರಲ್ಲಿ ಹನ್ನೆರಡಾಗಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಸ್ಮರಣ ಸಂಚಿಕೆಯ ಬಿಡುಗಡೆ. ಊಟದ ನಂತರ ಪ್ರಬಂಧ ಮಂಡನೆ, ಒಬ್ಬೊಬ್ಬರಿಗೆ ಏಳು ನಿಮಿಷ. ನನ್ನ ವಿದ್ಯಾರ್ಥಿನಿ ಒಬ್ಬಳು ಪ್ರಶ್ನೆ ಕೇಳಲು ಕೈ ಎತ್ತಿದಳು. ಟೈಮ್ ಇಲ್ಲ, ಕೂತ್ಕೊಳ್ಳಮ್ಮ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನನ್ನು ಕೇಳಿದಳು, "ಸರ್, ಅವರು ತೋರಿಸಿದ ಎರಡನೇ ಸಾಲಿನಿಂದ ಮೂರನೇ ಸಾಲು ಹೇಗೆ ಬಂತು?" ಆ ಸ್ಲೈಡ್ ಎರಡು ಸೆಕೆಂಡ್ ಕೂಡ ಪರದೆ ಮೇಲೆ ನಿಂತಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ, ಹಾಗೇ ಹೇಳಿದೆ. ಎಲ್ಲರ ಕೈಯಲ್ಲೂ ಒಂದೊಂದು ಸರ್ಟಿಫಿಕೇಟ್ ಇತ್ತು. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕ ಲೆಕ್ಕ ಹಾಕುವ ಪದ್ಧತಿ ತಂದ ಮೇಲೆ ನಮಗೆ, ಅಂದರೆ ಅಧ್ಯಾಪಕರಿಗೆ, ಈ ಸರ್ಟಿಫಿಕೇಟ್ ಬೇಕೇ ಬೇಕಾಯಿತು. ಹಾಗಾಗಿ ಯಾರನ್ನೂ ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಆ ದಿನ ಆ ಆರು ಮಕ್ಕಳು ಒಂದೇ ಒಂದು ಲೆಕ್ಕ ಮಾಡಲಿಲ್ಲ.

ಶಿಬಿರ ಅಂದರೆ ಏನು ಅಂತ ನನಗೆ ಗೊತ್ತಿರುವುದು ಎಂಟಿಟಿಎಸ್‌ನಿಂದ. ಪ್ರೊಫೆಸರ್ ಎಸ್. ಕುಮಾರೇಸನ್ 1993ರಲ್ಲಿ ಶುರು ಮಾಡಿದ ಬೇಸಿಗೆ ಶಿಬಿರ ಅದು. ಕಾಲೇಜು ಮಕ್ಕಳಿಗಾಗಿ ನಾಲ್ಕು ವಾರ. ಬಿ.ಎಸ್ಸಿ. ಓದುವಾಗ ನಾನೂ ಹೋಗಿದ್ದೆ. ಊಟ, ವಸತಿ, ರೈಲಿನ ಖರ್ಚು ಎಲ್ಲ ಅವರದ್ದೇ. ಅಲ್ಲಿ ನೋಟ್ಸ್ ಬರೆಸುವುದಿಲ್ಲ. ಮೇಷ್ಟ್ರು ಒಳಗೆ ಬಂದವರೇ ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವ ತನಕ ಕಾಯುತ್ತಾರೆ, ತಪ್ಪು ಉತ್ತರ ಕೊಟ್ಟರೆ ಬೈಯದೆ ಅದನ್ನೇ ಹಿಡಿದುಕೊಂಡು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಮೊದಲ ವಾರ ನನಗೆ ಅಳು ಬರುವುದೊಂದು ಬಾಕಿ. ಮೂರು ವರ್ಷ ನಾನು ಕಲಿತದ್ದು ಬರೀ ಬಾಯಿಪಾಠ ಅಂತ ಅಲ್ಲೇ ಅರಿವಾದದ್ದು.

ಒಂದು ಉದಾಹರಣೆ ಕೊಡುತ್ತೇನೆ. ರೂಟ್ 2 ಅಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣ ಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಲಾಗದ್ದು, ಅಂತ ಸಾಧಿಸುವುದು ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ. ನಮ್ಮ ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಾರೆ. ಸರಿ, ರೂಟ್ 2ಕ್ಕೆ ರೂಟ್ 3 ಕೂಡಿಸಿದರೆ? ಹೀಗೆ ಕೇಳಿದ ಕೂಡಲೇ ಇಡೀ ಕ್ಲಾಸ್ ಗಪ್‌ಚುಪ್. ಎರಡೂ ಅಭಾಗಲಬ್ಧ, ಹಾಗಾಗಿ ಮೊತ್ತವೂ ಅಭಾಗಲಬ್ಧ ಅಂತ ಒಬ್ಬ ಹೇಳುತ್ತಾನೆ. ಹಾಗಾದರೆ ರೂಟ್ 2ಕ್ಕೆ ಮೈನಸ್ ರೂಟ್ 2 ಕೂಡಿಸಿ ನೋಡು ಅಂದರೆ ಸೊನ್ನೆ ಬರುತ್ತದೆ, ಅವನ ವಾದ ಬಿದ್ದುಹೋಗುತ್ತದೆ. ಕಳೆದ ವರ್ಷ ಸಂಜೆ ಹೊತ್ತು ಕಾಲೇಜಿನಲ್ಲೇ ನಾನು ಇದನ್ನು ಕೇಳಿದಾಗ, ಅರ್ಧ ಗಂಟೆ ಸುಮ್ಮನೆ ಕೂತಿದ್ದ ಹಿಂದಿನ ಬೆಂಚಿನ ಹುಡುಗ ಎದ್ದು ಬಂದ. "ಸರ್, ವರ್ಗ ಮಾಡಿದ್ರೆ 5 ಮತ್ತು 2 ರೂಟ್ 6 ಬರುತ್ತೆ. ಮೊತ್ತ ಭಾಗಲಬ್ಧ ಆಗಿದ್ರೆ ಅದರ ವರ್ಗವೂ ಭಾಗಲಬ್ಧ, ಆಗ ರೂಟ್ 6 ಕೂಡ ಭಾಗಲಬ್ಧ ಆಗಬೇಕು. ಅದು ಆಗಲ್ಲ ಅಂತ ತೋರಿಸಿದ್ರೆ ಸಾಕಲ್ವಾ?" ಸಾಕು. ಅವನು ಅದನ್ನು ಹೇಳಿದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲೇ ಹೇಳು ಅಂದಿದ್ದರೆ ಅವನು ಎದ್ದೇ ಬರುತ್ತಿರಲಿಲ್ಲ.

ಇಂಥ ಮಕ್ಕಳನ್ನು ದೊಡ್ಡ ಶಿಬಿರಗಳಿಗೆ ಕಳಿಸಿ ಅಂತ ಹೇಳುವುದು ಸುಲಭ. ಆ ಬಸ್ಸಿನಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ ನಾನೇ ಅರ್ಜಿ ಹಾಕಿಸಿದೆ, ಶಿಫಾರಸು ಪತ್ರವನ್ನೂ ಬರೆದೆ. ಅವಳ ಅಪ್ಪ ಗೋವಿನಜೋಳ ಬೆಳೆಯುವ ರೈತ. ಕಾಲೇಜಿಗೇ ಬಂದು ನನ್ನ ಮುಂದೆ ಕೂತು ಹೇಳಿದರು, "ತಿಂಗಳುಗಟ್ಟಲೆ ಬೇರೆ ರಾಜ್ಯಕ್ಕೆ ಹ್ಯಾಂಗ ಕಳಸೂದ್ರಿ? ಧಾರವಾಡ ಆಗಿದ್ರ ನಾನ ಬಿಟ್ಟು ಬರ್ತಿದ್ದೆ." ಅವರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಇನ್ನೊಬ್ಬ ಹುಡುಗ ಆಯ್ಕೆಯಾಗಿದ್ದ, ಮನೆಯವರೂ ಒಪ್ಪಿದ್ದರು. ಸೆಮಿಸ್ಟರ್ ಪರೀಕ್ಷೆ ಮುಂದಕ್ಕೆ ಹೋಗಿ ಸರಿಯಾಗಿ ಶಿಬಿರದ ದಿನಗಳಲ್ಲೇ ಬಂತು. ಹೋಗಲಾಗಲಿಲ್ಲ.

ನಮ್ಮ ರಾಜ್ಯದಲ್ಲಿ ಗಣಿತ ಬಲ್ಲವರಿಗೆ ಕೊರತೆ ಇಲ್ಲ. ಐಐಎಸ್‌ಸಿ, ಮೈಸೂರು ರಸ್ತೆಯ ಐಎಸ್‌ಐ, ಹೆಸರಘಟ್ಟ ಕಡೆಯ ಐಸಿಟಿಎಸ್, ಯಲಹಂಕ ಕಡೆಯ ಟಿಐಎಫ್‌ಆರ್ ಕೇಂದ್ರ, ಈ ನಾಲ್ಕೂ ಸಂಶೋಧನಾ ಸಂಸ್ಥೆಗಳು ಬೆಂಗಳೂರು ಒಂದೇ ಊರಲ್ಲಿವೆ. ಭಾರತದ ಗಣಿತ ಒಲಿಂಪಿಯಾಡ್ ತಂಡಗಳನ್ನು ವರ್ಷಗಟ್ಟಲೆ ತಯಾರು ಮಾಡಿದ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಕೆಲಸ ಮಾಡಿದ್ದು ಐಐಎಸ್‌ಸಿಯಲ್ಲೇ ಇದ್ದುಕೊಂಡು. ಬೆಂಗಳೂರಿನ ಮಕ್ಕಳಿಗೆ ಭಾನುವಾರ ಬಸ್ ಹತ್ತಿದರೆ ಒಂದು ಒಳ್ಳೆಯ ಉಪನ್ಯಾಸ ಸಿಗುತ್ತದೆ. ನಮ್ಮ ಹಾನಗಲ್ಲಿನ ಹುಡುಗನಿಗೆ ಅದಕ್ಕಾಗಿ ರಾತ್ರಿ ಪ್ರಯಾಣ, ಲಾಡ್ಜಿನ ಖರ್ಚು. ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯವಂತೂ ಮೊದಲಿನಿಂದಲೂ ಇದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ಎನ್‌ಐಟಿ ಇವೆ. ಇವರೆಲ್ಲ ಒಂದೊಂದು ಶಿಬಿರದ ಹೊಣೆ ಹೊತ್ತರೆ ಸಾಕು. ಇವರಲ್ಲಿ ಪಿಎಚ್.ಡಿ. ಮಾಡುತ್ತಿರುವವರಿಗೂ ಇದು ಒಳ್ಳೆಯದು. ಹತ್ತು ದಿನ ಇಂಥ ಮಕ್ಕಳ ಪ್ರಶ್ನೆ ಎದುರಿಸಿದರೆ ತಮ್ಮ ವಿಷಯ ತಮಗೇ ಇನ್ನಷ್ಟು ತಿಳಿಯಾಗುತ್ತದೆ.

ಕನ್ನಡದಲ್ಲಿ ಉನ್ನತ ಗಣಿತ ಆಗುತ್ತಾ ಅಂತ ಕೇಳುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು ಆರೇ ಪ್ರಶ್ನೆ. ಆ ಪ್ರಶ್ನೆಗಳು 50ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದ ಆಗುತ್ತವೆ. ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರ ಬರೆಯುತ್ತಾರೆ. ಜಗತ್ತಿನ ಅತಿ ಕಷ್ಟದ ಶಾಲಾ ಪರೀಕ್ಷೆಗೇ ಭಾಷೆ ಅಡ್ಡ ಬರುವುದಿಲ್ಲ ಅಂದ ಮೇಲೆ ನಮ್ಮ ಜಿಲ್ಲೆಯ ಶಿಬಿರಕ್ಕೆ ಯಾಕೆ ಬರಬೇಕು? ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಿದ್ದಾನೆ. ಪಾರಿಭಾಷಿಕ ಪದ ಇಂಗ್ಲಿಷಿನಲ್ಲೇ ಇರಲಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಬರೆಯಲಿ, ಮುಂದೆ ಎಂ.ಎಸ್ಸಿ.ಗೆ ಅದು ಬೇಕು. ಯೋಚನೆ ಮಾಡುವುದು, ವಾದ ಮಾಡುವುದು ಕನ್ನಡದಲ್ಲಿ ನಡೆಯಲಿ.

ಖರ್ಚು ಜಾಸ್ತಿ ಆಗುವುದಿಲ್ಲ. ಮೂವತ್ತು ಮಕ್ಕಳು, ನಾಲ್ಕು ಜನ ಮೇಷ್ಟ್ರು, ರಜೆಯಲ್ಲಿ ಖಾಲಿ ಬಿದ್ದಿರುವ ಒಂದು ಹಾಸ್ಟೆಲ್, ಒಂದು ದೊಡ್ಡ ಬೋರ್ಡ್. ವೇದಿಕೆ ಬೇಡ, ಬ್ಯಾನರ್ ಬೇಡ. ಬೆಳಿಗ್ಗೆ ಎರಡು ಪಾಠ, ಮಧ್ಯಾಹ್ನದಿಂದ ರಾತ್ರಿ ತನಕ ಲೆಕ್ಕ. ಕಾಲೇಜು ಶಿಕ್ಷಣ ಇಲಾಖೆ ಎರಡು ಕೆಲಸ ಮಾಡಿಕೊಟ್ಟರೆ ಉಪಕಾರವಾಗುತ್ತದೆ. ಶಿಬಿರದ ದಿನಗಳಲ್ಲಿ ಪರೀಕ್ಷೆ ಬಾರದಂತೆ ವಿಶ್ವವಿದ್ಯಾಲಯಗಳ ಜೊತೆ ಮೊದಲೇ ಮಾತಾಡಲಿ. ಹತ್ತು ದಿನ ಕಲಿಸಿದ ಅಧ್ಯಾಪಕರಿಗೆ, ಏಳು ನಿಮಿಷ ಪ್ರಬಂಧ ಓದಿದವರಿಗೆ ಸಿಗುವಷ್ಟಾದರೂ ಮಾನ್ಯತೆ ಕೊಡಲಿ.

ಬರುವ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲೋ ಪಕ್ಕದ ಜಿಲ್ಲೆಯಲ್ಲೋ ಯಾರಾದರೂ ಇದಕ್ಕೆ ಮುಂದಾದರೆ ಹತ್ತೂ ದಿನ ನಾನು ಬರುತ್ತೇನೆ. ಸಂಭಾವನೆ ಬೇಡ. ಆ ರೈತರ ಮಗಳು ಈಗ ಎಂ.ಎಸ್ಸಿ. ಓದುತ್ತಿದ್ದಾಳೆ, ಸಂಜೆ ಲೆಕ್ಕ ಮಾಡಿಸಲು ತಾನೂ ಬರುತ್ತೇನೆ ಅಂದಿದ್ದಾಳೆ.

ಇಂತಿ,
ಒಬ್ಬ ಗಣಿತ ಅಧ್ಯಾಪಕ, ಹಾವೇರಿ ಜಿಲ್ಲೆ