ಗುಡ್ಡೆಗೆ ಒಂದೇ ಜಾತಿಯ ಮರ ಬೇಡ

ಪ್ರೀತಿಯ ಅಳಿಯನಿಗೆ ಹಿರಿಯಡ್ಕದಿಂದ ಮಾವನ ಆಶೀರ್ವಾದಗಳು.

ಮನೆ ಹಿಂದಿನ ಗುಡ್ಡೆಗೆ ಪೂರ್ತಿ ಸಾಗುವಾನಿ ಹಾಕಿಸುತ್ತೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಮರ ನೆಡುವ ಮನಸ್ಸು ಬಂತಲ್ಲ, ತುಂಬಾ ಖುಷಿಯಾಯಿತು. ಆದರೆ ಒಂದೇ ಜಾತಿ ಹಾಕಬೇಡ ಮಾರಾಯ. ಸಾಗುವಾನಿ ಇರಲಿ, ಅದರ ಜೊತೆಗೆ ಬೇರೆಯವೂ ಇರಲಿ.

ನಮ್ಮ ಕರಾವಳಿ ಕಡೆಯ ಮಳೆ ನಿನಗೆ ಗೊತ್ತುಂಟಲ್ವಾ. ಹೆಚ್ಚುಕಡಿಮೆ ಎಲ್ಲಾ ನೀರು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದುಹೋಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಒಣಗುತ್ತದೆ. ಮುರಕಲ್ಲಿನ, ಅಂದರೆ ನಮ್ಮ ಕೆಂಪುಕಲ್ಲಿನ, ಮೇಲೆ ಮಣ್ಣೂ ತೆಳು. ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳು ಒಂದೇ ಆಳದ ನೀರಿಗೆ, ಒಂದೇ ಎತ್ತರದ ಬೆಳಕಿಗೆ ಪೈಪೋಟಿ ನಡೆಸುತ್ತವೆ. ಜಾತಿ ಬೇರೆಯಾದರೆ ಈ ಕಿತ್ತಾಟ ಕಡಿಮೆ. ಸಾಗುವಾನಿ ಬೇಸಗೆಯಲ್ಲಿ ಎಲೆ ಉದುರಿಸುತ್ತದೆ, ಆಗ ಅದರ ಬುಡದಲ್ಲಿ ಪುನರ್ಪುಳಿ (ಕೋಕಂ) ನೆಟ್ಟರೆ ಅದಕ್ಕೆ ಬಿಸಿಲು ಸಿಗುತ್ತದೆ. ಮಳೆಗಾಲದ ನೆರಳನ್ನೂ ಪುನರ್ಪುಳಿ ತಾಳಿಕೊಳ್ಳುತ್ತದೆ.

ಹುಳದ ಕಾಟ ಇನ್ನೊಂದು. ಮಳೆ ಹಿಡಿದ ಹೊಸದರಲ್ಲಿ ಸಾಗುವಾನಿ ತೋಪಿಗೆ ಹುಳ ಬಿದ್ದರೆ ನೋಡಬೇಕು. ಹಸಿರೆಲ್ಲ ತಿಂದು ಎಲೆಯ ನರ ಮಾತ್ರ ಉಳಿಸುತ್ತವೆ. ಪಕ್ಕದ ಮರವೂ ಸಾಗುವಾನಿಯೇ ಆದರೆ ಅವಕ್ಕೆ ದಾರಿ ಹುಡುಕುವ ಕೆಲಸವೇ ಇಲ್ಲ. ನಡುವೆ ಹೆಬ್ಬಲಸು, ಮತ್ತಿ ಇದ್ದರೆ ಅಷ್ಟು ಸಲೀಸಾಗಿ ಹಬ್ಬುವುದಿಲ್ಲ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಚೀನಾದ ಜಿಯಾಂಗ್ಸಿ ಪ್ರಾಂತ್ಯದ ಗುಡ್ಡಗಳಲ್ಲಿ 2009, 2010ರಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಗಿಡ ನೆಟ್ಟು ಪರೀಕ್ಷೆ ಮಾಡಿದರು. ಕೆಲವು ತಾಕುಗಳಲ್ಲಿ ಒಂದೇ ಜಾತಿ, ಕೆಲವದರಲ್ಲಿ 16 ಜಾತಿವರೆಗೆ. ಎಂಟು ವರ್ಷ ಕಳೆಯುವಾಗ 16 ಜಾತಿಯ ತಾಕುಗಳು ಮರದೊಳಗೆ ಕೂಡಿಟ್ಟ ಇಂಗಾಲ, ಅಂದರೆ ಮರ ಎಷ್ಟು ಬೆಳೆಯಿತು ಎಂಬ ಲೆಕ್ಕ, ಒಂಟಿ ಜಾತಿಯ ತಾಕುಗಳ ಸರಾಸರಿಯ ಎರಡು ಪಟ್ಟು ದಾಟಿತ್ತು. ವರ್ಷ ಹೋದ ಹಾಗೆ ಅಂತರವೂ ಬೆಳೆಯಿತು. ಮಾರಾಟಕ್ಕೆ ಬೆಳೆಸುವ ಎರಡು ಜಾತಿಗಳು ಮಾತ್ರ ಒಂಟಿಯಾಗಿಯೂ ಮಿಶ್ರ ಕಾಡಿಗೆ ಸಮವಾಗಿ ನಿಂತವು, ಅದನ್ನೂ ನಿನಗೆ ಹೇಳಬೇಕು. ಆದರೆ ಆ ಜಾತಿಗೇ ರೋಗ ಬಂದರೆ? ಗುಡ್ಡೆ ಪೂರ್ತಿ ಹೋಯಿತು.

2016ರಲ್ಲಿ 44 ದೇಶಗಳ ಕಾಡಿನ ಲೆಕ್ಕ ಸೇರಿಸಿ ನೋಡಿದವರಿಗೂ ಇದೇ ಕಂಡಿತು. ಜಾತಿಗಳು ಶೇ. 10ರಷ್ಟು ಕಡಿಮೆಯಾದರೆ ಬೆಳವಣಿಗೆ ಸುಮಾರು ಶೇ. 3 ಇಳಿಯುತ್ತದೆ. ಕಡಿಮೆಯಾಗುತ್ತಾ ಹೋದಷ್ಟೂ ಇಳಿತ ಜೋರು. ನಿನಗೆ ಇದರಲ್ಲಿ ಒಂದು ಸಮಾಧಾನ ಉಂಟು. ಒಂದರಿಂದ ಐದು ಜಾತಿಗೆ ಹೋದರೆ ಸಿಗುವ ಲಾಭ, ನಲವತ್ತರಿಂದ ನಲವತ್ತೈದಕ್ಕೆ ಹೋದರೆ ಸಿಗುವುದಿಲ್ಲ. ಹಾಗಾಗಿ ನೂರು ಬಗೆ ಹುಡುಕಿ ಅಲೆಯಬೇಡ. ಸ್ವಭಾವ ಬೇರೆ ಬೇರೆ ಇರುವ ಏಳೆಂಟು ಸಾಕು.

ನಾಗದೇವರಿಗೆ ಬಿಟ್ಟ ನಮ್ಮ ನಾಗಬನ ನೋಡಿದ್ದೀಯಲ್ಲ. ಯಾರೂ ನೀರು ಹಾಕದೆ, ಗೊಬ್ಬರ ಹಾಕದೆ ಮೇಲೆ ದೊಡ್ಡ ಮರ, ನಡುವೆ ಸಣ್ಣದು, ಕೆಳಗೆ ಬಳ್ಳಿ, ಎಲ್ಲಾ ಸೇರಿ ಬೆಳೆದದ್ದು. ಈಗ ಎಷ್ಟೋ ಕಡೆ ಬನ ಕಡಿದು ಕಾಂಕ್ರೀಟ್ ಕಟ್ಟೆ ಮಾಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೇಲಿನ ಕಲ್ಲು ಪಾರೆಯಲ್ಲಿ ನೆಲ್ಲಿ, ಗೇರು ಹಾಕು. ನಡುವಿನ ಇಳಿಜಾರಿಗೆ ಸಾಗುವಾನಿ, ಮತ್ತಿ, ಹೆಬ್ಬಲಸು. ಕೆಳಗೆ ತೋಡಿನ ಬದಿಗೆ ಧೂಪ, ಕಿರಾಲುಬೋಗಿ. ಮೊದಲ ಎರಡು ಮೂರು ವರ್ಷ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕೊಂಬೆಗೆ ಕೊಂಬೆ, ಬೇರಿಗೆ ಬೇರು ತಾಗಿದ ಮೇಲೆ ಶುರು ಅದರ ಆಟ. ಅಷ್ಟರೊಳಗೆ ಬೇಸರ ಮಾಡಿ ಕಡಿಸಬೇಡ.

ಗುಂಡಿ ಮೇ ಒಳಗೆ ತೆಗೆಸು. ಧೂಪದ ಬೀಜ ಇಟ್ಟರೆ ಬೇಗ ಹಾಳಾಗುತ್ತದೆ, ಬಿದ್ದ ಕೂಡಲೇ ಪ್ಲಾಸ್ಟಿಕ್ ತೊಟ್ಟೆಗೆ ಹಾಕಬೇಕು. ಆ ಕೆಲಸ ನಾನು ಮಾಡಿಡುತ್ತೇನೆ. ಎಷ್ಟು ಗಿಡ ಬೇಕು ಅಂತ ಅಕ್ಕನ ಹತ್ತಿರ ಹೇಳಿ ಕಳಿಸು.

ನಿನ್ನ ಮಾವ