ಮಾತ್ರೆಯ ಎಚ್ಚರಿಕೆ ಕನ್ನಡದಲ್ಲೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ನಮ್ಮ ಯಜಮಾನರಿಗೆ ಅಡಿಕೆ ಸುಲಿಯುವಾಗ ಪಕ್ಕದಲ್ಲಿಟ್ಟ ಬುಟ್ಟಿಯೇ ಕಾಣುತ್ತಿರಲಿಲ್ಲ. ಎದುರಿನದು ಸರಿ, ಎರಡೂ ಬದಿ ಕತ್ತಲೆ. ಕನ್ನಡಕ ಎರಡು ಸಲ ಬದಲಾಯಿತು. ಕೊನೆಗೆ ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು: ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ, ಮೈಯ ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತುತ್ತಿತ್ತು.

ಮೂಗಿನ ಮೂಲಕವೇ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಗಡ್ಡೆ ತೆಗೆದರು. ತಲೆಗೆ ಒಂದು ಹೊಲಿಗೆಯೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಗಂಜಿ ಕುಡಿಯುತ್ತಾ, ತಲೆ ತಿರುಗಿಸದೆಯೇ, "ಬಾಗಿಲ ಹತ್ತಿರ ನಿಂತದ್ದು ನೀನಲ್ಲವಾ?" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಹಾರ್ಮೋನು ಮಾತ್ರ ಕಣ್ಣಿನಷ್ಟು ಬೇಗ ಸುಧಾರಿಸಲಿಲ್ಲ. ಮೈಯಲ್ಲಿ ಕಡಿಮೆಯಾದ ಹಾರ್ಮೋನಿನ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ದಿನವೂ ಬೇಕು. ಎರಡು ತಿಂಗಳ ನಂತರ ಜ್ವರ, ವಾಂತಿ. ಎದ್ದು ನಿಲ್ಲಲಾಗದಷ್ಟು ಸುಸ್ತು. ಜ್ವರ ಬಂದರೆ ಡಾಕ್ಟರರು ಹೇಳಿದಂತೆ ಆ ಮಾತ್ರೆ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು, ತಟ್ಟನೆ ನಿಲ್ಲಿಸಲೇಬಾರದು. ಇದೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿತ್ತು, ಇಂಗ್ಲಿಷಿನಲ್ಲಿ. ನಾನು ಕನ್ನಡ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಆ ರಾತ್ರಿ ಜೀಪು ಸಿಕ್ಕಿದ್ದರಿಂದ ಅವರು ಉಳಿದರು.

ಗಡಿನಾಡಿನ ರೋಗಿಗಳಿಗೆ ಆಸ್ಪತ್ರೆಗಳು ಅಂಗೈಯಗಲದ ಒಂದು ಕನ್ನಡ ಕಾರ್ಡ್ ಕೊಡಲಿ. ಮಾತ್ರೆಯ ವಿಷಯದ ಜೊತೆಗೆ, ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ತಡೆಯಲಾಗದ ಬಾಯಾರಿಕೆಯೂ ಮೂತ್ರವೂ ಶುರುವಾದರೆ, ಕೂಡಲೇ ಬನ್ನಿ ಎಂದು ಬರೆದಿರಲಿ. ಸದ್ಯ ಯಜಮಾನರ ಕಿಸೆಯಲ್ಲಿರುವುದು ನಮ್ಮ ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟ ಚೀಟಿ.

– ಓರ್ವ ಗೃಹಿಣಿ, ಬದಿಯಡ್ಕ