ಹನ್ನೊಂದನೇ ಅಧ್ಯಾಯ ನನ್ನ ಹತ್ತಿರವೇ ಇದೆ

ಪ್ರೀತಿಯ ಗೆಳೆಯಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಬೈಯಬೇಡ. ನಿನ್ನ ಹೆಸರು ಇದರಲ್ಲಿ ಇಲ್ಲ, ನಿನ್ನ ಕತೆಯ ಹೆಸರೂ ಇಲ್ಲ. ಗೊತ್ತಾಗಬೇಕಾದವನಿಗೆ ಗೊತ್ತಾದರೆ ಸಾಕು.

ಕಳೆದ ಶನಿವಾರ, ಭಾನುವಾರ ಫ್ಯಾನ್ ಫಿಕ್ಷನ್, ಅಂದರೆ ತಮಗಿಷ್ಟವಾದ ಸಿನಿಮಾ, ಸೀರಿಯಲ್, ಪುಸ್ತಕಗಳ ಪಾತ್ರಗಳನ್ನಿಟ್ಟು ತಮ್ಮದೇ ಕತೆ ಬರೆಯುವವರ ಒಂದು ಕೂಟಕ್ಕೆ ಹೋಗಿದ್ದೆ. ಹೌದು, ನಾನೇ. ಹತ್ತು ಜನ ಇರುವ ಕೋಣೆಗೆ ಕಾಲಿಡುವ ಮೊದಲು ಬಾಗಿಲ ಹೊರಗೆ ನಿಂತು ಸುಮ್ನೆ ಫೋನ್ ನೋಡಿಕೊಳ್ಳುತ್ತೇನಲ್ಲ, ಅದೇ ನಾನು. ಈ ಸಲವೂ ಹಾಗೇ ನಿಂತಿದ್ದೆ. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಅದನ್ನೇ ಮಾಡುತ್ತಿದ್ದರು. ಕೊನೆಗೆ ಐವರೂ ಒಟ್ಟಿಗೆ ಒಳಗೆ ಹೋದೆವು.

ಹೋದ ತಕ್ಷಣ ಕುತ್ತಿಗೆಗೆ ಒಂದು ಬ್ಯಾಡ್ಜ್. ಬರೆಯುವಾಗ ಇಟ್ಟುಕೊಂಡ ಹೆಸರೇ ಅಲ್ಲಿ ಹೆಸರು. ನನ್ನದು ನಿನಗೆ ಗೊತ್ತಲ್ಲ, ಹದಿನಾರನೇ ವಯಸ್ಸಿನಲ್ಲಿ ಇಟ್ಟುಕೊಂಡಿದ್ದು, ಕೊನೆಯಲ್ಲಿ ಮೂರು ಅಂಕಿ ಬೇರೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನೋಡಿದರೆ ಎಲ್ಲರ ಪಾಡೂ ಅದೇ. ವರ್ಷಗಟ್ಟಲೆ ಕಣ್ಣಲ್ಲಿ ಓದಿದ ಹೆಸರನ್ನು ಬಾಯಲ್ಲಿ ಹೇಗೆ ಹೇಳಬೇಕು ಅಂತ ಒಬ್ಬರಿಗೂ ಗೊತ್ತಿಲ್ಲ. ಅಂಡರ್‌ಸ್ಕೋರ್ ಅನ್ನು ಹೇಳಬೇಕೋ ಬಿಡಬೇಕೋ ಅಂತ ಇಬ್ಬರು ವಾದ ಮಾಡುತ್ತಿದ್ದರು. ಬ್ಯಾಡ್ಜಿನ ಮೂಲೆಗೆ ಒಂದು ಬಣ್ಣದ ಚುಕ್ಕಿ ಅಂಟಿಸಿಕೊಳ್ಳಬೇಕು. ಹಸಿರು ಇದ್ದರೆ ಫೋಟೋ ತೆಗೆಯಬಹುದು, ಕೆಂಪು ಇದ್ದರೆ ಬೇಡ. ಮುಕ್ಕಾಲು ಪಾಲು ಕೆಂಪೇ. ಮನೆಯಲ್ಲಿ ಗೊತ್ತಿಲ್ಲ, ಆಫೀಸಿನಲ್ಲಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಅನ್ನುವವರು. ನಾನೂ ಕೆಂಪನ್ನೇ ತೆಗೆದುಕೊಂಡೆ.

ಬೆಳಗ್ಗೆ ಜಾಸ್ತಿ ಹೊತ್ತು ಕಳೆದದ್ದು ಅಭಿಮಾನಿಗಳೇ ಅಚ್ಚು ಹಾಕಿ ಹಂಚುತ್ತಿದ್ದ ಪುಟ್ಟ ಪತ್ರಿಕೆಗಳ, ಅಂದರೆ ಹಳೆಯ ಝೀನ್‌ಗಳ ಮೇಜಿನ ಹತ್ತಿರ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಅದನ್ನು ಕಾಯುತ್ತಾ ಕೂತಿದ್ದರು. ಕೈ ಒರೆಸಿಕೊಂಡು ಬಂದವರಿಗೆ ಮಾತ್ರ ಮುಟ್ಟಲು ಬಿಡುತ್ತಿದ್ದರು. ಸ್ಟಾರ್ ಟ್ರೆಕ್ ಅನ್ನುವ ಅಂತರಿಕ್ಷದ ಧಾರಾವಾಹಿ ಟಿವಿಯಲ್ಲಿ ಶುರುವಾದದ್ದು 1966ರಲ್ಲಿ, ಮರುವರ್ಷವೇ ಅದರ ಅಭಿಮಾನಿಗಳ ಸ್ಪಾಕನೇಲಿಯಾ ಅನ್ನುವ ಝೀನ್ ಹೊರಬಂತು ಅಂತ ನಾವಿಬ್ಬರೂ ಎಲ್ಲೋ ಓದಿದ್ದೆವು. ಆದರೆ ಅದರ ಹಿಂದೆ ಎಷ್ಟು ಮೈಮುರಿಯುವ ಕೆಲಸ ಇತ್ತು ಅಂತ ಗೊತ್ತಿರಲಿಲ್ಲ. ಮೇಣದ ಸ್ಟೆನ್ಸಿಲ್ ಮೇಲೆ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೆ ಅದರ ಮೇಲೆ ದ್ರವ ಬಳಿದು, ಒಣಗುವ ತನಕ ಕಾದು, ಮತ್ತೆ ಕುಟ್ಟಬೇಕು. ಸೈಕ್ಲೋಸ್ಟೈಲ್ ಮೆಷಿನ್ನಿನ ಹಿಡಿ ತಿರುಗಿಸಿ ಹಾಳೆ ತೆಗೆಯಬೇಕು. ಆಮೇಲೆ ಒಂದೊಂದು ಪುಟವನ್ನೂ ದೊಡ್ಡ ಮೇಜಿನ ಸುತ್ತ ಗುಡ್ಡೆ ಹಾಕಿ, ಗೆಳತಿಯರೆಲ್ಲ ಸಾಲಾಗಿ ಮೇಜನ್ನು ಸುತ್ತುತ್ತಾ, ಗುಡ್ಡೆಗೊಂದು ಹಾಳೆಯಂತೆ ಎತ್ತಿಕೊಂಡು ಪುಸ್ತಕ ಜೋಡಿಸಬೇಕು. "ಕತೆ ಬರೆದದ್ದಕ್ಕಿಂತ ಆ ಮೇಜು ಸುತ್ತಿದ್ದೇ ಜಾಸ್ತಿ" ಅಂದರು. ಕಾಗದದ ಖರ್ಚು, ಅಂಚೆ ಖರ್ಚು ಹುಟ್ಟಿದರೆ ಸಾಕು, ಲಾಭ ಮಾಡಬಾರದು ಅನ್ನುವ ಮಾತು ಆಗಿನಿಂದಲೇ ಇತ್ತಂತೆ. ಚೆನ್ನಾಗಿದೆ ಅಂತ ಯಾರಾದರೂ ಬರೆದರೆ ಆ ಪತ್ರ ಕೈಗೆ ಸಿಗಲು ತಿಂಗಳುಗಳು ಬೇಕು. ನಾವು ಅಧ್ಯಾಯ ಹಾಕಿ ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಒತ್ತುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು.

ಮೇರಿ ಸ್ಯೂ ಅನ್ನುವ ಬೈಗುಳ ಎಲ್ಲಿಂದ ಬಂತು ಅಂತಲೂ ಅವರೇ ಹೇಳಿದರು. 1973ರಲ್ಲಿ ಪೌಲಾ ಸ್ಮಿತ್ ಅನ್ನುವವರು ಒಂದು ಝೀನ್‌ಗೆ ಬರೆದ ಪುಟ್ಟ ಸ್ಟಾರ್ ಟ್ರೆಕ್ ಅಣಕ ಕತೆಯ ನಾಯಕಿ ಅವಳು. ವಯಸ್ಸು ಹದಿನೈದೂವರೆ, ಇಡೀ ಪಡೆಯಲ್ಲೇ ಅತಿ ಚಿಕ್ಕ ಲೆಫ್ಟಿನೆಂಟ್, ಅವಳಿಗೆ ಬಾರದ ಕೆಲಸವೇ ಇಲ್ಲ. ಆಗ ಎಲ್ಲರೂ ಅಂಥ ಹುಡುಗಿಯರನ್ನೇ ಬರೆಯುತ್ತಿದ್ದರು, ಅದಕ್ಕೆ ಒಂದು ತಮಾಷೆ. "ತಮಾಷೆಯಾಗಿದ್ದದ್ದು ಆಮೇಲೆ ಕೋಲಾಯಿತು. ಹೊಸಬರು ಯಾವ ಹುಡುಗಿಯನ್ನು ಬರೆದರೂ ಅದರಲ್ಲೇ ಬಾರಿಸುತ್ತಾರೆ" ಅಂದರು. ನಾನು ತಲೆ ಅಲ್ಲಾಡಿಸಿದೆ. ನಿನ್ನ ಮೊದಲ ಕತೆಯ ಅಂಚಿನಲ್ಲಿ, ಕೆಂಪು ಅಕ್ಷರದಲ್ಲಿ, ಆ ಎರಡು ಪದ ಬರೆದವನು ನಾನೇ ಅಲ್ವಾ. ಅವರಿಗೆ ಹೇಳಲಿಲ್ಲ.

ಮಧ್ಯಾಹ್ನ ನಾವೆಲ್ಲ ಕತೆ ಹಾಕುವ ವೆಬ್‌ಸೈಟ್ ಆರ್ಕೈವ್ ಬಗ್ಗೆ ಒಂದು ಗೋಷ್ಠಿ ಇತ್ತು. ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡೆ, ಯಾಕೆಂದರೆ ಬಹಳಷ್ಟು ಗೊತ್ತಿದ್ದದ್ದೇ. ಬೇರೆಯವರ ಜಾಗದಲ್ಲಿ ಕತೆ ಇಟ್ಟರೆ ಅವರು ಯಾವತ್ತು ಬೇಕಾದರೂ ಒಕ್ಕಲೆಬ್ಬಿಸಬಹುದು ಅನ್ನುವ ಭಯದಿಂದ 2007ರಲ್ಲಿ ಸಂಸ್ಥೆ ಕಟ್ಟಿದ್ದು, 2009ರ ನವೆಂಬರಿನಲ್ಲಿ ಆರ್ಕೈವ್ ಆಫ್ ಅವರ್ ಓನ್ ಎಲ್ಲರಿಗೂ ತೆರೆದದ್ದು, ಜಾಹೀರಾತು ಇಲ್ಲದೆ ದೇಣಿಗೆಯಲ್ಲೇ ನಡೆಯುವುದು, ಕತೆಯ ಒಂದೇ ಪ್ರೇಮಜೋಡಿಗೆ ಹತ್ತು ಥರ ಹಣೆಪಟ್ಟಿ (ಟ್ಯಾಗ್) ಹಾಕುವವರ ಹಿಂದೆ ಸ್ವಯಂಸೇವಕರು ಗುಡಿಸುತ್ತಾ ಬರುವುದು. ಎಚ್ಚರವಾದದ್ದು ವೈಜ್ಞಾನಿಕ ಕತೆಗಳ ಲೋಕದ ದೊಡ್ಡ ಗೌರವವಾದ 2019ರ ಹ್ಯೂಗೋ ಪ್ರಶಸ್ತಿಯ ಮಾತು ಬಂದಾಗ. ಆರ್ಕೈವ್ ಪರವಾಗಿ ಅದನ್ನು ತೆಗೆದುಕೊಳ್ಳಲು ವೇದಿಕೆಗೆ ಹೋದ ಕಾದಂಬರಿಕಾರ್ತಿ ನವೋಮಿ ನೋವಿಕ್, ಸಭೆಯಲ್ಲಿ ಇದರ ಭಾಗ ಅಂದುಕೊಳ್ಳುವವರೆಲ್ಲ ಎದ್ದು ನಿಲ್ಲಿ ಅಂದರಲ್ಲ, ಆ ರಾತ್ರಿ ನಾವಿಬ್ಬರೂ ನಮ್ಮ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಎದ್ದು ನಿಂತಿದ್ದೆವು. ನೀನು ಬನಿಯನ್ನಿನಲ್ಲಿದ್ದೆ. ಗೋಷ್ಠಿಯಲ್ಲಿ ಇದನ್ನು ಹೇಳಿದೆ. ಎಲ್ಲರೂ ನಕ್ಕರು. ಮೂರ್ನಾಲ್ಕು ಜನ "ನಾನೂ" ಅಂತ ಕೈ ಎತ್ತಿದರು.

ಸಂಜೆ ಡ್ರಾಬಲ್ ಬರೆಯುವ ಆಟ. ಸರಿಯಾಗಿ ನೂರು ಪದ, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ, ಇಪ್ಪತ್ತು ನಿಮಿಷ. ನಾನು ಕನ್ನಡದಲ್ಲಿ ಬರೆಯುತ್ತೇನೆ ಅಂದೆ, ಬರೆಯಿರಿ ಅಂದರು. ಪಕ್ಕದವರೆಲ್ಲ ಜಾಗ ಸಾಲದು ಅಂತ ಪದ ಕಿತ್ತು ಹಾಕುತ್ತಿದ್ದರೆ ನನ್ನದು ಅರವತ್ತೆರಡಕ್ಕೇ ಮುಗಿದುಹೋಯಿತು. "ಹೋಗಬೇಕಾಗಿತ್ತಂತೆ" ಅಂತ ಬರೆದರೆ ನಮ್ಮಲ್ಲಿ ಒಂದೇ ಪದ. ಅವರಿಗೆ ಅದನ್ನು ಹೇಳಲು ಅರ್ಧ ಸಾಲು ಬೇಕು. ಕೊನೆಗೆ ಪದ ಬಿಡಿಸಿ ಬಿಡಿಸಿ ಬರೆದು ನೂರು ಮಾಡಿದೆ. ಮೋಸ ಅಂತ ನೀನಾದರೆ ಹಿಡಿಯುತ್ತಿದ್ದೆ. ಅಲ್ಲಿ ಹಿಡಿಯುವವರು ಯಾರೂ ಇರಲಿಲ್ಲ.

ಇಷ್ಟು ಹೇಳಿದ್ದು ಸುಮ್ನೆ ಪೀಠಿಕೆ. ಹೇಳಬೇಕಾದದ್ದು ಭಾನುವಾರದ ವಿಷಯ.

ಬೆಳಗ್ಗೆ ಬೀಟಾ ಮಾಡುವುದು, ಅಂದರೆ ಬೇರೆಯವರ ಕತೆಯನ್ನು ಹಾಕುವ ಮೊದಲು ಓದಿ ತಿದ್ದುವುದು, ಹೇಗೆ ಅನ್ನುವ ಗೋಷ್ಠಿ. ನನಗೇನು ಕಲಿಯಲಿಕ್ಕಿದೆ ಅಂತ ಕೊನೆಯ ಸಾಲಿನಲ್ಲಿ ಕೂತೆ. ಹದಿನೈದು ವರ್ಷದಿಂದ ಬೇರೆಯವರ ಕತೆ ತಿದ್ದಿದವನು. ನಡೆಸಿಕೊಟ್ಟವರು ಚಿಕ್ಕ ವಯಸ್ಸಿನವರು, ಮಾತು ಕಮ್ಮಿ. ಅವರು ಮೊದಲು ಹೇಳಿದ್ದು ಇಷ್ಟೇ: ಯಾರಾದರೂ ಕತೆ ಕೊಟ್ಟರೆ ಓದುವ ಮೊದಲು ಅವರನ್ನೇ ಕೇಳಿ, ಏನನ್ನು ನೋಡಲಿ ಅಂತ. ವ್ಯಾಕರಣವಾ, ಮೂಲ ಕತೆಗೆ ಅಂದರೆ ಕ್ಯಾನನ್‌ಗೆ ಹೊಂದುತ್ತದೆಯಾ ಅಂತಲಾ, ಪಾತ್ರ ಪಾತ್ರದ ಹಾಗೆ ಮಾತಾಡುತ್ತದೆಯಾ ಅಂತಲಾ, ಅಥವಾ ಚೆನ್ನಾಗಿದೆ, ಹಾಕು ಅಂತ ಬೆನ್ನು ತಟ್ಟುವುದಷ್ಟೇ ಬೇಕಾ. ಅವರು ಕೇಳಿದ್ದನ್ನು ಬಿಟ್ಟು ಬೇರೆ ಏನು ಕಂಡರೂ, ಹೇಳಲಾ ಅಂತ ಇನ್ನೊಂದು ಸಲ ಕೇಳಿ.

ನಾನು ನಿನ್ನನ್ನು ಒಂದು ಸಲವೂ ಕೇಳಿಲ್ಲ ಕಣೋ. ಹತ್ತು ಅಧ್ಯಾಯ ನೀನು ಕಳಿಸಿದೆ. ಹತ್ತನ್ನೂ ಕೆಂಪು ಮಾಡಿ ವಾಪಸ್ ಕೊಟ್ಟೆ. ನೀನು ಥ್ಯಾಂಕ್ಸ್ ಅನ್ನುತ್ತಿದ್ದೆ. ನಾನು ಅದನ್ನು ನಿಜ ಅಂದುಕೊಂಡಿದ್ದೆ.

ಆಮೇಲಿನದು ಮುಗಿಯದ ಕತೆಗಳ ಗೋಷ್ಠಿ. ಅರ್ಧಕ್ಕೇ ನಿಂತುಹೋದ, ಯಾವತ್ತೂ ಅಪ್‌ಡೇಟ್ ಆಗದ ಕತೆಗಳ ಬಗ್ಗೆ. ಬರೆಯುವವರು ಒಂದು ಕಡೆ, ಕಾಯುವವರು ಇನ್ನೊಂದು ಕಡೆ ಕೂತು ಜಗಳ ಆಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಒಬ್ಬೊಬ್ಬರೂ ಎದ್ದು ತಾವು ಕಾಯುತ್ತಿರುವ ಒಂದು ಕತೆಯ ಬಗ್ಗೆ ಹೇಳಬೇಕಿತ್ತು, ಅಷ್ಟೇ. ಏಳನೆಯವರೋ ಎಂಟನೆಯವರೋ ಒಬ್ಬ ಗಣಿತದ ಮೇಷ್ಟ್ರು. ನಲವತ್ತರ ಆಸುಪಾಸು. ನಾನು ಬರೆಯುವವನಲ್ಲ, ಓದುವವನು ಮಾತ್ರ, ಬರಬಹುದೋ ಇಲ್ಲವೋ ಅಂತ ಅನುಮಾನದಲ್ಲೇ ಬಂದೆ ಅಂದರು. ಚೀಲದಿಂದ ಒಂದು ಕಟ್ಟು ತೆಗೆದರು. ಕತೆಯ ಹತ್ತೂ ಅಧ್ಯಾಯ ಪ್ರಿಂಟ್ ತೆಗೆದು ಬೈಂಡ್ ಮಾಡಿಸಿದ್ದು.

"ಇದು ಒಬ್ಬ ಕಾವಲುಗಾರನ ಕತೆ. ಮೂಲದಲ್ಲಿ ಅವನು ಎರಡೇ ಸೀನಿಗೆ ಬಂದು ಹೋಗುತ್ತಾನೆ, ಅವನಿಗೆ ಹೆಸರೂ ಇಲ್ಲ" ಅಂತ ಅವರು ಶುರು ಮಾಡಿದಾಗ ನನ್ನ ಬೆನ್ನು ನೆಟ್ಟಗಾಯಿತು.

ನಿನ್ನದೇ ಮಾರಾಯ. ನಿನ್ನ ಕಾವಲುಗಾರ.

ಹತ್ತನೇ ಅಧ್ಯಾಯದ ಕೊನೆಯಲ್ಲಿ ಅವನು ಕೀಲಿ ಹಿಡಿದು ಬಾಗಿಲ ಮುಂದೆ ನಿಲ್ಲುತ್ತಾನಲ್ಲ, ಅದನ್ನು ಅವರು ಓದಿ ಹೇಳಿದರು. ಏಳು ವರ್ಷದಿಂದ ಅವನು ಅಲ್ಲೇ ನಿಂತಿದ್ದಾನೆ, ಕಾಲು ನೋಯುತ್ತಿರಬೇಕು ಪಾಪ ಅಂದರು. ಕತೆ ಈಗ ಆರ್ಫನ್ ಆಗಿದೆ, ಅಂದರೆ ಬರೆದವರೇ ತಮ್ಮ ಹೆಸರು ತೆಗೆದು ಅದನ್ನು ಬಿಟ್ಟುಕೊಟ್ಟಿದ್ದಾರೆ, ಬರೆದವರ ಹೆಸರಿನ ಜಾಗದಲ್ಲಿ ಅನಾಥ ಖಾತೆಯ ಹೆಸರಿದೆ, ಹಾಗಾಗಿ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಆದರೂ ಹತ್ತನೇ ಅಧ್ಯಾಯ ಬಂದ ತಾರೀಖಿಗೆ ಪ್ರತಿ ವರ್ಷ ಒಂದು ಕಾಮೆಂಟ್ ಬರೆಯುತ್ತಾರಂತೆ. ಆರ್ಫನ್ ಮಾಡಿದ ಕತೆಗೆ ಬಂದ ಕಾಮೆಂಟ್ ಕತೆ ಬರೆದವರಿಗೆ ಹೋಗುವುದಿಲ್ಲ ಅಂತ ಯಾರೋ ಹೇಳಿದರು. "ಗೊತ್ತು" ಅಂದರು ಮೇಷ್ಟ್ರು. ಅಷ್ಟೇ ಅಂದರು.

ಆಮೇಲೆ ಒಬ್ಬ ಹುಡುಗಿ ಕೇಳಿದಳು, ಮುಂದೆ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೆ? ಬಾಗಿಲು ತೆಗೆಯುತ್ತಾನಾ, ಇಲ್ಲ ಕೀಲಿ ಎಸೆದು ಓಡಿಹೋಗುತ್ತಾನಾ?

ಅವರು ಸ್ವಲ್ಪ ಹೊತ್ತು ಕಟ್ಟನ್ನೇ ನೋಡಿದರು. "ಎರಡೂ ಮಾಡಲ್ಲ ಅನ್ನಿಸುತ್ತದೆ. ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂತುಕೊಳ್ಳುತ್ತಾನೆ. ಬೆಳಗಾಗುವ ತನಕ. ಏನೂ ಆಗಲ್ಲ. ಹತ್ತು ಅಧ್ಯಾಯ ನಿಂತೇ ಇದ್ದವನು, ಒಂದು ಅಧ್ಯಾಯ ಕೂರಲಿ."

ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಹೊರಗೆ ಬಂದೆ.

ನಿನ್ನ ಹನ್ನೊಂದನೇ ಅಧ್ಯಾಯದಲ್ಲಿ ಅದೇ ಇತ್ತಲ್ಲವೇನೋ. ಅವನು ಕೂರುತ್ತಾನೆ, ಬೆನ್ನಿಗೆ ಮರದ ತಣ್ಣಗಿನ ಬಾಗಿಲು, ಒಳಗಿನಿಂದ ಉಸಿರಾಟದ ಸದ್ದು, ಅಷ್ಟೇ, ನಾಲ್ಕು ಸಾವಿರ ಪದ. ನಾನು ಮೇಲಿನಿಂದ ಕೆಳಗಿನ ತನಕ ಗೀಟು ಹಾಕಿ, "ಇಲ್ಲಿ ಏನೂ ಆಗುವುದಿಲ್ಲ. ಈ ಅಧ್ಯಾಯವೇ ಬೇಡ. ನೇರ ಬಾಗಿಲು ತೆಗೆಸು" ಅಂತ ಬರೆದು ಕಳಿಸಿದೆ. ನೀನು ಥ್ಯಾಂಕ್ಸ್ ಅನ್ನಲಿಲ್ಲ. ಎರಡು ವಾರ ಬಿಟ್ಟು ನೋಡಿದರೆ ಕತೆಯಿಂದ ನಿನ್ನ ಹೆಸರು ಹೋಗಿತ್ತು. ಕೆಲಸ ಜಾಸ್ತಿ, ಆಸಕ್ತಿ ಹೋಯಿತು ಅಂದೆ. ನಾನು ನಂಬಿದೆ. ನಂಬುವುದು ನನಗೆ ಸಲೀಸಾಗಿತ್ತು.

ಮೇಷ್ಟ್ರಿಗೆ ನಾನು ಏನೂ ಹೇಳಿಲ್ಲ. ನಿನ್ನ ಗುಟ್ಟು ಅದು, ನೀನಾಗೇ ಹೆಸರು ಕಿತ್ತು ಹಾಕಿದ್ದೀಯ. ಸಂಜೆ ಹೊರಡುವಾಗ ಅವರ ಪಕ್ಕವೇ ನಿಂತಿದ್ದೆ, ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಕತೆ ಚೆನ್ನಾಗಿದೆ ಅನ್ನಿಸುತ್ತದೆ, ನಾನೂ ಓದುತ್ತೇನೆ ಅಂದೆ. ಖುಷಿಯಾಗಿ ಕಟ್ಟನ್ನು ನನ್ನ ಕೈಗೇ ಕೊಟ್ಟು ನೋಡಿ ಅಂದರು. ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಹೆಚ್ಚಿನ ಕಡೆ ಒಂದು ಸರಿ ಗುರುತು ಮಾತ್ರ, ಮೇಷ್ಟ್ರು ಲೆಕ್ಕಕ್ಕೆ ಹಾಕುವ ಥರದ್ದು. ಮೂರನೇ ಅಧ್ಯಾಯದಲ್ಲಿ ಒಂದು ಸಾಲಿಗೆ ಎರಡೆರಡು ಸಲ ಹಾಕಿದ್ದಾರೆ. ನಾನು ತೆಗೆ ಅಂದಿದ್ದೆ, ನೀನು ತೆಗೆಯದೆ ಉಳಿಸಿಕೊಂಡಿದ್ದೆ, ಆ ಸಾಲು.

ಒಮ್ಮೆ ಆರ್ಫನ್ ಮಾಡಿದರೆ ಕತೆ ವಾಪಸ್ ಸಿಗುವುದಿಲ್ಲ ಅಂತ ನನಗೂ ಗೊತ್ತು. ಅದೇ ಜಾಗಕ್ಕೆ ಹನ್ನೊಂದನೆಯದನ್ನು ಸೇರಿಸಲು ಆಗುವುದಿಲ್ಲ. ಬೇಕಾದರೆ ಹೊಸ ಹೆಸರಲ್ಲಿ ಬೇರೆಯಾಗಿ ಹಾಕಬಹುದು, ಹಾಕದೆಯೂ ಇರಬಹುದು. ಹಾಕು ಅಂತ ನಾನು ಹೇಳುವುದಿಲ್ಲ. ನಿನಗೆ ಹೇಳಿ ಹೇಳಿ ಏನಾಯಿತು ಅಂತ ನೋಡಿದೆನಲ್ಲ. ಆ ಏಳು ಕಾಮೆಂಟ್ ಮಾತ್ರ ಒಂದು ಸಲ ಹೋಗಿ ಓದು. ಹತ್ತನೇ ಅಧ್ಯಾಯದ ಕೆಳಗೇ ಇವೆ.

ನಿನ್ನ ಹತ್ತಿರ ಆ ಫೈಲ್ ಇಲ್ಲ, ಅಳಿಸಿದೆ ಅಂತ ಆಗಲೇ ಹೇಳಿದ್ದೆ. ನನ್ನ ಹಳೆಯ ಮೇಲ್‌ನಲ್ಲಿ ಇದೆ. ನಿನ್ನೆ ರಾತ್ರಿ ಕೂತು ನನ್ನ ಗೀಟುಗಳನ್ನೆಲ್ಲ ಒಂದೊಂದಾಗಿ ತೆಗೆದೆ. ನೂರಾ ಹದಿನಾಲ್ಕು ಇದ್ದವು. ಎಲ್ಲ ಹೋದ ಮೇಲೆ ಮೊದಲಿನಿಂದ ಓದಿದೆ, ಪೆನ್ನು ಹಿಡಿಯದೆ. ಕಳಿಸಿದ್ದೇನೆ. ಒಂದು ಅಲ್ಪವಿರಾಮ ತಪ್ಪಿದೆ, ಮುಟ್ಟಿಲ್ಲ.

ನಿನ್ನ,
ಕೊನೆಯಲ್ಲಿ ಮೂರು ಅಂಕಿ ಇರುವವನು